ಕಣ್ಗಾವಲು: ಯಾರು ಕೊಟ್ಟ ಅರ್ಥವನ್ನು ಹಿಡಿಯುವುದು?

“ಅಮೆರಿಕದ ಫೆಡರಲ್ ಸರ್ಕಾರವು ತನ್ನ ದೇಶೀಯ ಕಣ್ಗಾವಲನ್ನು ಗಣನೀಯವಾಗಿ ಮೊಟಕುಗೊಳಿಸಬೇಕು.”

2015–16ರ ಶಾಲಾ ವರ್ಷವಿಡೀ ಅಮೆರಿಕದ ಹೈಸ್ಕೂಲುಗಳ ಪಾಲಿಸಿ ಡಿಬೇಟ್ ತಂಡಗಳು ಈ ಒಂದೇ ವಾಕ್ಯವನ್ನು ಅಗಿದು ಅಗಿದು ಮುಗಿಸಿದವು. ಕನ್ನಡಕ್ಕೆ ತಂದರೆ ಎಂಟೇ ಪದ. ಅದರಲ್ಲಿ ಐದರ ಅರ್ಥದ ಮೇಲೆ ಜಗಳ. ತನ್ನ ಎಂದರೆ ಯಾರದ್ದು? ದೇಶೀಯ ಎಂದರೆ ಎಲ್ಲಿಯವರೆಗೆ? ಕಣ್ಗಾವಲು ಎಂದರೆ ನೋಡುವುದೋ, ಕೂಡಿಡುವುದೋ? ಗಣನೀಯ ಎಂದರೆ ಎಷ್ಟು? ಮೊಟಕು ಎಂದರೆ ಕತ್ತರಿಸುವುದೋ, ಕಿತ್ತೊಗೆಯುವುದೋ?

ಶಾಲೆಯ ತಂಡ ಪಂದ್ಯಾವಳಿಗೆ ಹೋಗಬೇಕಾದರೆ ತನ್ನ ಪಾಲಿನ ತೀರ್ಪುಗಾರರನ್ನೂ ಕರೆತರಬೇಕು. ಆ ಲೆಕ್ಕ ತುಂಬಿಸಲು ಸಿಗುವವರು ಅಪ್ಪ ಅಮ್ಮಂದಿರು. ಹಾಗೆ ಒಂದು ಶನಿವಾರ ಬೆಳಿಗ್ಗೆ ಯಾವುದೋ ಶಾಲೆಯ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕುಳಿತವರಲ್ಲಿ ನಾನೂ ಒಬ್ಬ. ಮೊದಲ ಪಂದ್ಯದಲ್ಲೇ ಎರಡು ತಂಡಗಳು ಒಂದು ಪದಕ್ಕೆ ಎರಡು ಅರ್ಥ ಓದಿದವು. ಯಾರ ನಿಘಂಟು ದಪ್ಪವೋ ಅವರದ್ದು ಸರಿ ಎಂದು ಬರೆದುಕೊಟ್ಟು ಎದ್ದು ಬಂದೆ. ಸೋತ ಹುಡುಗಿ ಕೈಕುಲುಕಿ ಹೋದಳು. ಇವರಿಗೆ ಏನೂ ತಿಳಿಯಲಿಲ್ಲ ಎಂಬುದು ಅವಳ ಮುಖದ ಮೇಲಿತ್ತು, ಅದು ನಿಜವೂ ಆಗಿತ್ತು. ಈ ಬರಹ ಅವಳಿಗೆ ನಾನು ತೀರಿಸಬೇಕಾದ ಬಾಕಿ. ಡಿಬೇಟ್ ಮಾಡುವ ಮಕ್ಕಳಿಗೆ, ನನ್ನ ಹಾಗೆ ಹಿಂದಿನ ಬೆಂಚಿಗೆ ಬೀಳಲಿರುವ ಹೆತ್ತವರಿಗೆ ಉಪಯೋಗಕ್ಕೆ ಬಂದರೆ ಬರಲಿ.

ನಮ್ಮೂರಿನ ಚರ್ಚಾ ಸ್ಪರ್ಧೆ ಕಂಡವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ “ಮೊಬೈಲ್ ವರವೋ ಶಾಪವೋ” ಎಂದು ವಿಷಯ ಕೊಟ್ಟರೆ, ಮೂರು ನಿಮಿಷದ ಕಂಠಪಾಠ, ನಡುವೆ ಒಂದು ವಚನ, ಕೊನೆಗೆ ಚಪ್ಪಾಳೆ. ‘ವರ’ ಎಂದರೇನು ಎಂದು ಎದ್ದು ಕೇಳಿದ ಮಗುವನ್ನು ನಾನಂತೂ ಕಂಡಿಲ್ಲ. ಇಲ್ಲಿ ಪರ ತಂಡದಲ್ಲಿ ಇಬ್ಬರು, ವಿರೋಧ ತಂಡದಲ್ಲಿ ಇಬ್ಬರು. ಒಬ್ಬೊಬ್ಬರಿಗೂ ಎಂಟು ನಿಮಿಷದ ಮಂಡನೆ, ಅದಾದ ಮೇಲೆ ಮೂರು ನಿಮಿಷದ ಪಾಟೀಸವಾಲು, ಕೊನೆಗೆ ಐದು ನಿಮಿಷದ ಪ್ರತಿವಾದ. ಗೊತ್ತುವಳಿಯ, ಅಂದರೆ ಆ ವರ್ಷಕ್ಕೆ ಕೊಟ್ಟ ಚರ್ಚೆಯ ವಾಕ್ಯದ, ಒಳಗೆ ನಿಲ್ಲುವ ಯಾವುದಾದರೂ ಒಂದು ಯೋಜನೆಯನ್ನು ಪರ ತಂಡ ತಾನೇ ಆರಿಸಿಕೊಂಡು ಬರುತ್ತದೆ. “ನಿನ್ನ ಯೋಜನೆ ಗೊತ್ತುವಳಿಯ ಬೇಲಿಯ ಹೊರಗಿದೆ” ಎಂದು ವಿರೋಧ ತಂಡ ಸಾಧಿಸಿದರೆ, ಯೋಜನೆ ಎಷ್ಟೇ ಒಳ್ಳೆಯದಾಗಿದ್ದರೂ ಪರ ತಂಡ ಸೋಲುತ್ತದೆ. ಈ ವಾದಕ್ಕೆ ಟಾಪಿಕ್ಯಾಲಿಟಿ ಎಂದು ಹೆಸರು. ಅದಕ್ಕೆ ನಾಲ್ಕು ಅಂಗ: ಪದಕ್ಕೆ ನಾವು ಕೊಡುವ ಅರ್ಥ, ಎದುರಾಳಿ ಅದನ್ನು ಮೀರಿದ ಬಗೆ, ನಮ್ಮ ಅರ್ಥವೇ ಏಕೆ ಮೇಲು ಎಂಬ ಕಾರಣ, ಮತ ನಮಗೇ ಏಕೆ ಎಂಬ ಬೇಡಿಕೆ. ಮಕ್ಕಳು ಮೊದಲೆರಡಕ್ಕೆ ಬೆವರು ಸುರಿಸುತ್ತಾರೆ. ಪಂದ್ಯ ತೀರ್ಮಾನವಾಗುವುದು ಮೂರನೆಯದರಲ್ಲಿ.

ಯಾವ ಪದವನ್ನು ಹಿಡಿಯುವುದು

ಮೊಟಕಿನಿಂದಲೇ ಶುರು ಮಾಡೋಣ, ಏಕೆಂದರೆ ಹೊಸಬರು ಮೊದಲು ಹೋಗಿ ಬೀಳುವುದು ಅಲ್ಲೇ. ಇಂಗ್ಲಿಷಿನ ‘ಕರ್ಟೇಲ್’ ಎಂಬ ಕ್ರಿಯಾಪದದ ಹಿಂದಿರುವುದು ಬಾಲ ಕತ್ತರಿಸಿದ ಕುದುರೆಯನ್ನು ಹೇಳುವ ಹಳೆಯ ಪದ. ಬಾಲ ಬಿಚ್ಚಿದವನ ಬಾಲ ಕತ್ತರಿಸಬೇಕು ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪದದ ಮೇಲೆ ಎರಡು ವಾದಗಳು ಓಡಾಡುತ್ತವೆ. ಒಂದು: ಮೊಟಕುಗೊಳಿಸುವುದೆಂದರೆ ಕಡಿಮೆ ಮಾಡುವುದು, ಪೂರ್ತಿ ತೆಗೆಯುವುದಲ್ಲ, ಆದ್ದರಿಂದ ಒಂದು ಕಾರ್ಯಕ್ರಮವನ್ನೇ ರದ್ದು ಮಾಡುವ ಯೋಜನೆ ಹೊರಗೆ. ಇದು ಸೋಲುವ ವಾದ. ಒಂದು ಕಾರ್ಯಕ್ರಮ ರದ್ದಾದರೆ ಒಟ್ಟು ಕಣ್ಗಾವಲು ಕಡಿಮೆಯಾಯಿತಷ್ಟೇ. ಬಾಲ ಪೂರ್ತಿ ಹೋದರೂ ಕುದುರೆ ಅಲ್ಲೇ ನಿಂತಿದೆ. ಇನ್ನೊಂದು: ಮೇಲ್ವಿಚಾರಣೆ ಹೆಚ್ಚಿಸುವುದು ಮೊಟಕುಗೊಳಿಸಿದಂತಲ್ಲ. ಇದಕ್ಕೆ ಬಲವಿದೆ. ವಿದೇಶಿ ಬೇಹುಗಾರಿಕೆಯ ಅನುಮತಿಗಳನ್ನು ನೋಡುವ ಗುಪ್ತ ನ್ಯಾಯಾಲಯದಲ್ಲಿ ಜನರ ಪರವಾಗಿ ಒಬ್ಬ ವಕೀಲ ನಿಲ್ಲಲಿ ಎಂಬ ಯೋಜನೆಯನ್ನೇ ನೋಡಿ. ಕೋಣೆಗೆ ಒಬ್ಬ ವಕೀಲ ಹೆಚ್ಚಾದ. ಒಂದು ಫೋನ್ ದಾಖಲೆಯಾದರೂ ಕಡಿಮೆಯಾಯಿತೇ? ಮುಂದೆ ಕಡಿಮೆಯಾಗಬಹುದು ಎಂದು ಪರ ತಂಡ ಉತ್ತರಿಸಿದರೆ, ಆ ‘ಆಗಬಹುದು’ ಎಂಬ ಮಾತನ್ನೇ ಹಿಡಿದುಕೊಳ್ಳಿ. ಯೋಜನೆಯೇ ಮೊಟಕುಗೊಳಿಸಬೇಕು, ಅದರ ಮರಿಮಕ್ಕಳಲ್ಲ.

‘ತನ್ನ’ ಎಂಬುದು ಅಗ್ಗದ, ಗಟ್ಟಿಯಾದ ಆಯ್ಕೆ. ಆ ವರ್ಷ ಮೊಬೈಲ್ ಟವರಿನಂತೆ ನಟಿಸಿ ಸುತ್ತಲಿನ ಫೋನುಗಳನ್ನು ಸೆಳೆದುಕೊಳ್ಳುವ ‘ಸ್ಟಿಂಗ್‌ರೇ’ ಪೆಟ್ಟಿಗೆಗಳ ಬಗ್ಗೆ ಎಷ್ಟೋ ತಂಡಗಳು ಯೋಜನೆ ಬರೆದವು. ಪೆಟ್ಟಿಗೆ ಎಫ್‌ಬಿಐ ಕೈಯಲ್ಲಿದ್ದರೆ ಅದು ಫೆಡರಲ್ ಸರ್ಕಾರದ್ದು. ಊರ ಪೊಲೀಸರ ಕೈಯಲ್ಲಿದ್ದರೆ? ಖರೀದಿಗೆ ಹಣ ಕೊಟ್ಟದ್ದು ವಾಷಿಂಗ್ಟನ್, ತಿರುಗಿಸಿದ್ದು ಊರಿನ ಪೇದೆ. ಸಾಲ ಕೊಟ್ಟ ಬ್ಯಾಂಕು ಮನೆಯ ಯಜಮಾನನಾಗುವುದಿಲ್ಲ ಎಂಬಷ್ಟು ಸರಳವಾಗಿ ಇದನ್ನು ಹೇಳಬಹುದು, ನನ್ನಂಥ ತೀರ್ಪುಗಾರನಿಗೂ ಅರ್ಥವಾಗುತ್ತದೆ. ನ್ಯೂಯಾರ್ಕ್ ಪೊಲೀಸರು ಮಸೀದಿಗಳ ಮೇಲೆ ಇಟ್ಟ ನಿಗಾವನ್ನು ನಿಲ್ಲಿಸಬೇಕೆಂಬ ಯೋಜನೆಯೂ ಇದೇ ಬೇಲಿಗೆ ತಾಗಿ ಬಿದ್ದುಹೋಗುತ್ತದೆ.

ಇನ್ನು ‘ಗಣನೀಯವಾಗಿ’. ಯಾವುದೋ ತೆರಿಗೆ ಪ್ರಕರಣದ, ಪೇಟೆಂಟ್ ಪ್ರಕರಣದ ತೀರ್ಪಿನಿಂದ ಒಂದು ಶೇಕಡಾವಾರು ಅಂಕಿಯನ್ನು ಎತ್ತಿ ತಂದು ಇಷ್ಟಾದರೆ ಗಣನೀಯ ಎನ್ನುವ ಚಾಳಿ ಹಳೆಯದು. ನನಗೆ ಅದು ಹಿಡಿಸುವುದಿಲ್ಲ. ಹಾಗೆಂದು ಈ ಪದವನ್ನು ಪೂರ್ತಿ ಕೈಬಿಡಬೇಡಿ. ಶೇಕಡಾ ಎಷ್ಟು ಎಂಬುದಕ್ಕಿಂತ ಯಾವುದರ ಶೇಕಡಾ ಎಂಬ ಪ್ರಶ್ನೆ ಇಲ್ಲಿ ಸ್ವಾರಸ್ಯದ್ದು. 2001ರ ಪೇಟ್ರಿಯಟ್ ಕಾಯ್ದೆಯ 215ನೇ ಸೆಕ್ಷನ್ನಿನ ಹೆಸರಿನಲ್ಲಿ ರಾಷ್ಟ್ರೀಯ ಭದ್ರತಾ ಸಂಸ್ಥೆ, ಅಂದರೆ ಎನ್‌ಎಸ್‌ಎ, ಅಮೆರಿಕನ್ನರ ಫೋನ್ ಕರೆಗಳ ವಿವರಗಳನ್ನು ಸಗಟಾಗಿ ಪಡೆದು ಐದು ವರ್ಷ ಇಟ್ಟುಕೊಳ್ಳುತ್ತಿತ್ತು: ಯಾರು, ಯಾರಿಗೆ, ಯಾವಾಗ, ಎಷ್ಟು ಹೊತ್ತು. ಆ ರಾಶಿಯಲ್ಲಿ 2012ರಲ್ಲಿ ಹುಡುಕಾಟಕ್ಕೆ ಬಳಸಿದ ಮೂಲ ಸಂಖ್ಯೆಗಳು 300ಕ್ಕಿಂತ ಕಡಿಮೆ ಎಂದು ಸರ್ಕಾರವೇ ಹೇಳಿತು. ಈಗ ಈ ಕಾರ್ಯಕ್ರಮವನ್ನು ನಿಲ್ಲಿಸಿದರೆ ಕಡಿತವಾದದ್ದು ಎಷ್ಟು? ಕೂಡಿಟ್ಟ ದಾಖಲೆಗಳನ್ನು ಎಣಿಸಿದರೆ ಬೆಟ್ಟ. ಹುಡುಕಿದ ಸಂಖ್ಯೆಗಳನ್ನು ಎಣಿಸಿದರೆ ಒಂದು ಮದುವೆಯ ಕರೆಯೋಲೆ ಪಟ್ಟಿಗಿಂತಲೂ ಚಿಕ್ಕದು. ಅಂದರೆ ‘ಗಣನೀಯ’ದ ಜಗಳ ನಿಜದಲ್ಲಿ ‘ಕಣ್ಗಾವಲಿ’ನ ಜಗಳ. ಅದನ್ನು ಅಲ್ಲಿಗೇ ಒಯ್ಯುವುದು ಮೇಲು.

‘ದೇಶೀಯ’: ನೆಲವೋ, ವ್ಯಕ್ತಿಯೋ, ಉದ್ದೇಶವೋ

ವರ್ಷದ ಅತಿ ದೊಡ್ಡ ಕದನ ನಡೆದದ್ದು ಇಲ್ಲಿ. ಮೂರು ಅರ್ಥಗಳು ಪೈಪೋಟಿಗೆ ನಿಂತಿದ್ದವು.

ನೆಲವನ್ನು ನೋಡುವ ಅರ್ಥದ ಪ್ರಕಾರ, ಅಮೆರಿಕದ ಗಡಿಯೊಳಗೆ ನಡೆಯುವ ಕಣ್ಗಾವಲೆಲ್ಲ ದೇಶೀಯ. ವ್ಯಕ್ತಿಯನ್ನು ನೋಡುವ ಅರ್ಥಕ್ಕೆ 1978ರ ವಿದೇಶಿ ಬೇಹುಗಾರಿಕೆ ಕಣ್ಗಾವಲು ಕಾಯ್ದೆ, ಎಲ್ಲರೂ ‘ಫೈಸಾ’ ಎಂದು ಕರೆಯುವ ಕಾನೂನು, ಆಧಾರ. ಅದರಲ್ಲಿ ‘ಅಮೆರಿಕದ ವ್ಯಕ್ತಿ’ ಎಂಬ ವರ್ಗವಿದೆ: ಪ್ರಜೆಗಳು ಮತ್ತು ಕಾಯಂ ವಾಸದ ಪರವಾನಗಿ ಇದ್ದವರು. ಗುರಿ ಅಂಥವರಾದರೆ ಮಾತ್ರ ದೇಶೀಯ. ಮೂರನೆಯ ಅರ್ಥ ಉದ್ದೇಶವನ್ನು ನೋಡುತ್ತದೆ. 1972ರಲ್ಲಿ ಸುಪ್ರೀಂ ಕೋರ್ಟ್ ‘ಕೀತ್ ಪ್ರಕರಣ’ ಎಂದು ಹೆಸರಾದ ತೀರ್ಪಿನಲ್ಲಿ, ದೇಶದೊಳಗಿನ ಭದ್ರತೆಯ ನೆಪದಲ್ಲಿ ವಾರಂಟ್ ಇಲ್ಲದೆ ಫೋನ್ ಕದ್ದಾಲಿಸುವಂತಿಲ್ಲ ಎಂದಿತು; ವಿದೇಶಿ ಶಕ್ತಿಗಳ ವಿಷಯವನ್ನು ಮುಟ್ಟದೆ ಬಿಟ್ಟಿತು. ವಿದೇಶಿ ಶಕ್ತಿಯೊಂದಿಗೆ ಹೇಳಿಕೊಳ್ಳುವಂಥ ನಂಟಿಲ್ಲದ ಗುಂಪುಗಳ ಮೇಲಿನ ನಿಗಾ ದೇಶೀಯ, ಉಳಿದದ್ದು ವಿದೇಶಿ ಬೇಹುಗಾರಿಕೆ ಎಂಬ ಗೆರೆ ಅಲ್ಲಿಂದ ಸಿಗುತ್ತದೆ.

ಮೂರನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಿ. ಆ ಒರೆಗಲ್ಲು 2008ರಲ್ಲಿ ಫೈಸಾಗೆ ಸೇರಿದ 702ನೇ ಸೆಕ್ಷನ್. ಅಮೆರಿಕದ ಹೊರಗಿರುವ, ‘ಅಮೆರಿಕದ ವ್ಯಕ್ತಿ’ ಅಲ್ಲದವರನ್ನು ಗುರಿ ಮಾಡಲು, ಅಮೆರಿಕದೊಳಗಿನ ಕಂಪನಿಗಳಿಂದ ಇಮೇಲ್, ಸಂದೇಶಗಳನ್ನು ಪಡೆಯುವ ಅಧಿಕಾರ ಅದು. 2013ರಲ್ಲಿ, ಎನ್‌ಎಸ್‌ಎಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ‘ಪ್ರಿಸಂ’ ಕಾರ್ಯಕ್ರಮ ಇದರ ಅಡಿಯದ್ದೇ. ನೆಲದ ಅರ್ಥದಲ್ಲಿ ಇದು ದೇಶೀಯ, ಏಕೆಂದರೆ ಕೊಯ್ಲು ಆಗುವುದು ಅಮೆರಿಕದ ಸರ್ವರುಗಳಲ್ಲಿ. ವ್ಯಕ್ತಿಯ ಅರ್ಥದಲ್ಲಿ ಅಲ್ಲ, ಏಕೆಂದರೆ ಗುರಿ ಹೊರಗಿನವನು. ಅವನೊಡನೆ ಮಾತಾಡಿದ ಅಮೆರಿಕನ್ನರ ಮಾತೂ ಜೊತೆಗೆ ಬಂದು ಬೀಳುತ್ತದೆ, ಆಮೇಲೆ ಅದನ್ನು ಹುಡುಕಲೂಬಹುದು ಎಂಬುದು ಬೇರೆ ಮಾತು; ಪರ ತಂಡಗಳು ಜೋತುಬಿದ್ದದ್ದೇ ಈ ಬೇರೆ ಮಾತಿಗೆ. ಉದ್ದೇಶದ ಅರ್ಥದಲ್ಲಂತೂ ಇದು ದೇಶೀಯ ಅಲ್ಲವೇ ಅಲ್ಲ.

ವಿರೋಧ ತಂಡದಲ್ಲಿದ್ದು 702ನ್ನು ಹೊರಗಿಡಬೇಕೆಂದಿದ್ದರೆ ವ್ಯಕ್ತಿಯ ಅರ್ಥ ಆಕರ್ಷಕ: ಕಾನೂನಿನದ್ದು, ಗೆರೆ ನಿಖರ, ವಿಷಯದ ಹರವು ಚಿಕ್ಕದಾಗುತ್ತದೆ. ಆದರೆ ಅದನ್ನು ಓದುವ ಮೊದಲು ನಮ್ಮ ಮನೆಗಳ ಕಡೆ ಒಮ್ಮೆ ನೋಡಿ. ಎಚ್-1ಬಿ ವೀಸಾದ ಮೇಲೆ ನ್ಯೂಜೆರ್ಸಿಗೆ ಬಂದು, ಮನೆ ಕೊಂಡು, ಮಕ್ಕಳನ್ನು ಶಾಲೆಗೆ ಹಾಕಿ, ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತು ವರ್ಷ ನಿಂತ ಹಾಸನದ ಎಂಜಿನಿಯರು ಫೈಸಾದ ಲೆಕ್ಕದಲ್ಲಿ ‘ಅಮೆರಿಕದ ವ್ಯಕ್ತಿ’ ಅಲ್ಲ. ಅವರ ಮನೆಯ ಫೋನಿಗೆ ಸರ್ಕಾರ ಕಿವಿಯಿಟ್ಟರೆ, ಈ ಅರ್ಥದ ಪ್ರಕಾರ ಅದು ದೇಶೀಯ ಕಣ್ಗಾವಲೇ ಅಲ್ಲ! ರಜೆಗೆ ಊರಿಗೆ ಹೊರಟ ವಿಮಾನದಲ್ಲಿ ಅವರ ಪಕ್ಕದ ಸೀಟಿನಲ್ಲಿ ಗ್ರೀನ್ ಕಾರ್ಡ್ ಸಿಕ್ಕ ಗೆಳೆಯ ಕುಳಿತಿದ್ದಾನೆ ಎಂದುಕೊಳ್ಳಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಗೆಳೆಯನನ್ನು 702ರ ಅಡಿ ಗುರಿ ಮಾಡುವಂತಿಲ್ಲ. ಇವರನ್ನು ಮಾಡಬಹುದು, ವಿದೇಶಿ ಬೇಹು ಮಾಹಿತಿಯ ಕಾರಣವೊಂದು ಸಿಕ್ಕರೆ ಸಾಕು. ಎದುರಾಳಿ ಪಾಟೀಸವಾಲಿನಲ್ಲಿ ಈ ಎಂಜಿನಿಯರನ್ನು ಕರೆತಂದು ನಿಲ್ಲಿಸಿದರೆ ನಿಮ್ಮ ನಿಖರವಾದ ಗೆರೆ ಅವರ ಊಟದ ಮನೆಯ ನಡುವೆ ಹಾದುಹೋಗುತ್ತದೆ.

ಹಾಗಾಗಿ ನನ್ನ ಆಯ್ಕೆ ಹೀಗೆ. ಪರ ತಂಡ ಕಣ್ಣುಮುಚ್ಚಿ ನೆಲದ ಅರ್ಥವನ್ನು ಹಿಡಿಯಲಿ. ಸಾಮಾನ್ಯ ಓದುಗನೂ ದೇಶೀಯ ಎಂದರೆ ದೇಶದೊಳಗೆ ಎಂದೇ ತಿಳಿಯುತ್ತಾನೆ. ವಿರೋಧ ತಂಡ ವ್ಯಕ್ತಿಯನ್ನು ಬಿಟ್ಟು, ಗುರಿಯಾದವನು ನಿಂತ ಜಾಗವನ್ನು ಹಿಡಿಯಲಿ: ಕಣ್ಗಾವಲಿಗೆ ಒಳಗಾದವನು ಅಮೆರಿಕದೊಳಗೆ ಇರಬೇಕು. 702 ಹೊರಗುಳಿಯುತ್ತದೆ, ಎಂಜಿನಿಯರು ಒಳಗೇ ಉಳಿಯುತ್ತಾರೆ. ಉದ್ದೇಶದ ಅರ್ಥ ಓದಲು ಘನವಾಗಿದೆ, ಬಳಸಲು ಕಷ್ಟ. ಒಂದೇ ತನಿಖೆಯಲ್ಲಿ ಎರಡೂ ಉದ್ದೇಶ ಬೆರೆತಾಗ ಅದು ಕೈಕೊಡುತ್ತದೆ.

‘ಕಣ್ಗಾವಲು’, ಮತ್ತು ಹಸುವಿನ ಲಕ್ಷಣ

ಲಕ್ಷಣ ಹೇಳುವುದರಲ್ಲಿ ಮೂರು ದೋಷಗಳಿವೆ ಎಂದು ನಮ್ಮ ತರ್ಕಶಾಸ್ತ್ರ ಎಂದೋ ಎಣಿಸಿಟ್ಟಿದೆ, ಉದಾಹರಣೆಗೆ ಹಸುವನ್ನೇ ಕಟ್ಟಿದೆ. ಹಸು ಎಂದರೆ ಕಪಿಲ ಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯಿತು: ಅವ್ಯಾಪ್ತಿ. ಕೊಂಬಿರುವುದು ಹಸು ಎಂದರೆ ಎಮ್ಮೆಯೂ ಕೊಟ್ಟಿಗೆಗೆ ಬಂತು: ಅತಿವ್ಯಾಪ್ತಿ. ಸೀಳಿರದ ಗೊರಸು ಇರುವುದು ಹಸು ಎಂದರೆ ಒಂದು ಹಸುವೂ ಸಿಗದು: ಅಸಂಭವ. ಗಂಗೆದೊಗಲು ಇರುವುದು ಹಸು ಎಂದರೆ ಸರಿ. ಅಮೆರಿಕದ ಹುಡುಗರು ಉಸಿರು ಕಟ್ಟಿ ಓದುವ ‘ಲಿಮಿಟ್ಸ್’ ವಾದ ಈ ಮೂರು ಪದಗಳಾಚೆ ಹೋಗಿದ್ದನ್ನು ನಾನು ಕಾಣೆ. ಬೇಲಿ ತೀರಾ ದೊಡ್ಡದಾದರೆ ವಿರೋಧ ತಂಡ ನೂರಾರು ಯೋಜನೆಗಳಿಗೆ ತಯಾರಾಗಬೇಕು. ತೀರಾ ಚಿಕ್ಕದಾದರೆ ವರ್ಷವೆಲ್ಲ ಒಂದೇ ಪಂದ್ಯ. ಅವರು ಹೇಳುವುದು ಇಷ್ಟೇ.

ಈ ಕೊಟ್ಟಿಗೆಗೆ ಕಣ್ಗಾವಲಿನ ನಾಲ್ಕು ಅರ್ಥಗಳನ್ನು ತಂದು ಕಟ್ಟೋಣ.

ಮೊದಲನೆಯದು ಸಾಮಾನ್ಯ ನಿಘಂಟಿನದು: ಸಂಶಯಿತನ ಮೇಲೆ ಹತ್ತಿರದಿಂದ ಇಡುವ ನಿಗಾ. ಬಣ್ಣ ಒಂದೇ ಆಯಿತು. ಸಂಶಯವೇ ಇಲ್ಲದ ಕೋಟ್ಯಂತರ ಜನರ ಕರೆ ವಿವರ ಕೂಡಿಟ್ಟದ್ದು ಇದರಲ್ಲಿ ಹಿಡಿಯುವುದಿಲ್ಲ, ಈ ಗೊತ್ತುವಳಿ ಹುಟ್ಟಿದ್ದೇ ಅದರ ಗದ್ದಲದಲ್ಲಿ ಎಂಬುದನ್ನು ನೆನೆದರೆ ಇದು ದೊಡ್ಡ ಅವ್ಯಾಪ್ತಿ.

ಎರಡನೆಯದು ವಿದ್ವಾಂಸರದ್ದು. ಕಣ್ಗಾವಲನ್ನೇ ಅಧ್ಯಯನದ ವಿಷಯವಾಗಿಸಿಕೊಂಡ ಸಮಾಜಶಾಸ್ತ್ರಜ್ಞ ಡೇವಿಡ್ ಲಯನ್ ಹೇಳುವ ಅರ್ಥದ ತಿರುಳು: ಪ್ರಭಾವ, ನಿರ್ವಹಣೆ, ರಕ್ಷಣೆ ಅಥವಾ ನಿರ್ದೇಶನದ ಉದ್ದೇಶದಿಂದ ಜನರ ವೈಯಕ್ತಿಕ ವಿವರಗಳ ಮೇಲೆ ಕ್ರಮಬದ್ಧವಾಗಿ, ವಾಡಿಕೆಯಾಗಿ ಇಡುವ ಗಮನ. ಚೆನ್ನಾಗಿದೆ. ಆದರೆ ಜನಗಣತಿಯೂ ಇದರೊಳಗೆ ಬಂತು, ಶಾಲೆಯ ಹಾಜರಿ ಪುಸ್ತಕವೂ ಬಂತು, ರಕ್ಷಣೆಗೆಂದು ಅಮ್ಮ ಮಗನ ಫೋನ್ ನೋಡುವುದೂ ಬಂತು. ಎಮ್ಮೆ, ಆಡು, ಕುರಿ ಎಲ್ಲವೂ.

ಮೂರನೆಯದು ಫೈಸಾ ಕಾಯ್ದೆಯದು. ನಾಲ್ಕು ಕಂಡಿಕೆಗಳ ಉದ್ದನೆಯ ಅರ್ಥನಿರೂಪಣೆ. ತಂತಿ, ರೇಡಿಯೋ, ಸಾಧನ, ಸ್ಥಳ ಎಲ್ಲವನ್ನೂ ಅಳೆದು ಬರೆದದ್ದು. ನಿಖರತೆ ಬೇಕೆಂದವರು ಇದನ್ನೇ ಹಿಡಿಯುತ್ತಾರೆ. ಅದು ಅರ್ಥ ಹೇಳುವುದು ‘ಎಲೆಕ್ಟ್ರಾನಿಕ್ ಕಣ್ಗಾವಲಿ’ಗೆ ಮಾತ್ರ ಎಂಬುದನ್ನು ಮರೆಯುತ್ತಾರೆ. ಗೊತ್ತುವಳಿಯಲ್ಲಿ ಆ ವಿಶೇಷಣ ಇಲ್ಲ. ಮಸೀದಿಯಲ್ಲಿ ಭಕ್ತನಂತೆ ಕುಳಿತು ಕಂಡದ್ದನ್ನು ಎಫ್‌ಬಿಐಗೆ ಹೇಳುವ ಮಾಹಿತಿದಾರ ಈ ನಾಲ್ಕು ಕಂಡಿಕೆಗಳ ನಡುವೆ ಸಲೀಸಾಗಿ ನುಸುಳಿ ಹೋಗುತ್ತಾನೆ.

ಕಾನೂನಿನ ಅರ್ಥಕ್ಕೆ ಇನ್ನೂ ದೊಡ್ಡ ತೊಡಕಿದೆ. ಅದನ್ನು ಬರೆದವರು ಯಾರು? 2007ರಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ಕಾಯ್ದೆಯೊಂದನ್ನು ಮಾಡಿ, ದೇಶದ ಹೊರಗಿದ್ದಾನೆಂದು ನಂಬಲು ಕಾರಣವಿರುವ ವ್ಯಕ್ತಿಯ ಮೇಲಿನ ಕಣ್ಗಾವಲು ‘ಎಲೆಕ್ಟ್ರಾನಿಕ್ ಕಣ್ಗಾವಲಿ’ನ ಅರ್ಥದೊಳಗೆ ಬರುವುದಿಲ್ಲ ಎಂದು ಘೋಷಿಸಿತು. ಯಂತ್ರ ಅದೇ, ತಂತಿ ಅದೇ, ಕೇಳುವ ಕಿವಿ ಅದೇ. ಅರ್ಥ ಬದಲಾಗಿ ಹಳೆಯ ನಿರ್ಬಂಧ ಕಳಚಿ ಬಿತ್ತು. ಆ ಕಾಯ್ದೆ 2008ರ ಫೆಬ್ರುವರಿಯಲ್ಲಿ ಮುಗಿಯಿತು, ಅದೇ ವರ್ಷ 702 ಬಂತು. ಕಣ್ಗಾವಲನ್ನು ಅರ್ಥದ ಮೂಲಕವೇ ಮಾಯ ಮಾಡಬಲ್ಲವರು ಬರೆದ ಅರ್ಥವನ್ನು ಕಣ್ಗಾವಲು ಮೊಟಕಿನ ಚರ್ಚೆಗೆ ಅಳತೆಗೋಲು ಮಾಡಬೇಕೇ ಎಂದು ಪರ ತಂಡ ಒಮ್ಮೆ ಕೇಳಿದರೆ ಕೊಠಡಿ ನಿಶ್ಶಬ್ದವಾಗುತ್ತದೆ. ನಾನೇ ಕಂಡಿದ್ದೇನೆ.

ನಾಲ್ಕನೆಯದು ಸಂಸ್ಥೆಗಳ ಒಳಗಿನ ಅರ್ಥ. ಇದು ಎಲ್ಲಕ್ಕಿಂತ ರುಚಿಕರ. ಎನ್‌ಎಸ್‌ಎ ಇರುವುದು ರಕ್ಷಣಾ ಇಲಾಖೆಯ ಅಡಿ; ಆ ಇಲಾಖೆಯ 1982ರ ನಿಯಮಾವಳಿಯ ಪ್ರಕಾರ ಮಾಹಿತಿ ‘ಸಂಗ್ರಹ’ವಾಗುವುದು ನೌಕರನೊಬ್ಬ ಕರ್ತವ್ಯದ ಮೇಲೆ ಅದನ್ನು ಬಳಕೆಗೆಂದು ಪಡೆದಾಗ, ಎಲೆಕ್ಟ್ರಾನಿಕ್ ವಿಧಾನದಿಂದ ಬಂದದ್ದಾದರೆ, ಅದನ್ನು ಅರ್ಥವಾಗುವ ರೂಪಕ್ಕೆ ತಂದಾಗ. ಅಲ್ಲಿಯವರೆಗೆ ಕಣಜ ತುಂಬಿ ತುಳುಕಿದರೂ ಒಂದು ಕಾಳೂ ‘ಸಂಗ್ರಹ’ವಾಗಿಲ್ಲ. 2013ರ ಮಾರ್ಚಿನಲ್ಲಿ ಸೆನೆಟರ್ ರಾನ್ ವೈಡನ್ ಅವರು ರಾಷ್ಟ್ರೀಯ ಬೇಹುಗಾರಿಕೆಯ ನಿರ್ದೇಶಕ ಜೇಮ್ಸ್ ಕ್ಲ್ಯಾಪರ್ ಅವರನ್ನು, ಕೋಟ್ಯಂತರ ಅಮೆರಿಕನ್ನರ ಬಗ್ಗೆ ಯಾವುದೇ ಬಗೆಯ ಮಾಹಿತಿಯನ್ನು ಎನ್‌ಎಸ್‌ಎ ಸಂಗ್ರಹಿಸುತ್ತದೆಯೇ ಎಂದು ಕೇಳಿದರು. ಇಲ್ಲ ಎಂಬ ಉತ್ತರ ಬಂತು. ತಿಳಿದೂ ತಿಳಿದೂ ಅಲ್ಲ ಎಂಬ ಸೇರ್ಪಡೆ ಅದರ ಬೆನ್ನಿಗೆ. ಮೂರೇ ತಿಂಗಳಲ್ಲಿ ಸ್ನೋಡೆನ್ ಕಡತಗಳು ಹೊರಬಿದ್ದಾಗ ಕ್ಲ್ಯಾಪರ್ ಒಂದು ಗ್ರಂಥಾಲಯದ ಹೋಲಿಕೆ ಕೊಟ್ಟರು: ತಮ್ಮ ಮಟ್ಟಿಗೆ ಸಂಗ್ರಹಿಸುವುದೆಂದರೆ ಕಪಾಟಿನಿಂದ ಪುಸ್ತಕ ತೆಗೆದು ಬಿಡಿಸಿ ಓದುವುದು. ಇಡೀ ಗ್ರಂಥಾಲಯವನ್ನು ಮನೆಗೆ ಸಾಗಿಸಿಕೊಂಡು ಬಂದದ್ದಕ್ಕೆ ಏನು ಹೆಸರು ಎಂದು ಯಾರಾದರೂ ಕೇಳಬೇಕಿತ್ತು. ಈ ಅರ್ಥ ಅಸಂಭವದ ಅಂಚಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಇದರ ಪ್ರಕಾರ ಮೊಟಕುಗೊಳಿಸಲು ಹೆಚ್ಚೇನೂ ಉಳಿಯುವುದಿಲ್ಲ. 2016ರ ಆಗಸ್ಟಿನಲ್ಲಿ ರಕ್ಷಣಾ ಇಲಾಖೆ ನಿಯಮ ಬದಲಿಸಿ, ಕೈಗೆ ಬಂದ ಕ್ಷಣವೇ ಸಂಗ್ರಹ ಎಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಡಿಬೇಟ್ ಹುಡುಗರು ಮುಂದಿನ ವರ್ಷದ ವಿಷಯಕ್ಕೆ ಹೋಗಿಯಾಗಿತ್ತು.

ಹಾಗಾದರೆ ಗಂಗೆದೊಗಲು ಯಾವುದು? ಪರ ತಂಡಕ್ಕೆ ನಾನು ಹೇಳುವುದು: ವಿದ್ವಾಂಸರ ಅರ್ಥವನ್ನು ತೆಗೆದುಕೊಳ್ಳಿ, ಅದಕ್ಕೆ ಒಂದು ಹಗ್ಗ ಕಟ್ಟಿ. ಜನರಿಗೆ ಗೊತ್ತಿಲ್ಲದಂತೆ ಅಥವಾ ಅವರ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಪಡೆಯುವುದು ಎಂಬ ಷರತ್ತು ಸೇರಿಸಿದರೆ ಹಾಜರಿ ಪುಸ್ತಕ ಹೊರಗೆ ಹೋಗುತ್ತದೆ, ಫೋನ್ ವಿವರ ಒಳಗೆ ಉಳಿಯುತ್ತದೆ. ಷರತ್ತಿಗೂ ಒಂದು ಕಾರ್ಡ್, ಅಂದರೆ ಓದಿ ತೋರಿಸುವ ಆಧಾರದ ತುಣುಕು, ಕೈಯಲ್ಲಿರಲಿ. ಸ್ವಂತ ಹಗ್ಗಕ್ಕೆ ಎದುರಾಳಿ ಸುಮ್ಮನೆ ಒಪ್ಪುವುದಿಲ್ಲ. ವಿರೋಧ ತಂಡಕ್ಕೆ: ಫೈಸಾ ಅರ್ಥ ಓದುವ ಆಸೆ ಬಿಡಿ. ಕಣ್ಗಾವಲು ಎಂದರೆ ಮಾಹಿತಿ ಪಡೆಯುವ ಕ್ರಿಯೆ, ಅದಕ್ಕೆ ದಾರಿ ಮಾಡಿಕೊಡುವ ಸಿದ್ಧತೆ ಅಲ್ಲ ಎಂಬ ಚಿಕ್ಕ ಅರ್ಥ ಹಿಡಿಯಿರಿ. ಗೂಢಲಿಪಿಯಲ್ಲಿ ಹಿಂಬಾಗಿಲು ಇಡಿ ಎಂದು ಕಂಪನಿಗಳನ್ನು ಒತ್ತಾಯಿಸುವುದನ್ನು ಸರ್ಕಾರ ಬಿಡಬೇಕು ಎಂಬ ಯೋಜನೆಗಳು ಆ ವರ್ಷ ಬಹಳ ಓಡಿದವು. ಹಿಂಬಾಗಿಲು ಮಾಡಿಸುವುದು ಬಡಗಿಯ ಕೆಲಸ, ಇಣುಕುವುದು ಆಮೇಲಿನ ಮಾತು. ಗೆಲ್ಲುವ ವಾದ ಇದು.

ಯಾರ ಮಾತಿಗೆ ಎಷ್ಟು ತೂಕ

ಮೇಲಿನ ಜಗಳಗಳಿಂದ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ: ಪ್ರತಿ ಅರ್ಥವನ್ನೂ ಯಾರೋ ಯಾವುದೋ ಕೆಲಸಕ್ಕಾಗಿ ಬರೆದಿರುತ್ತಾರೆ, ಆ ಕೆಲಸ ನಿಮ್ಮ ಪಂದ್ಯದ ಕೆಲಸಕ್ಕೆ ಎಷ್ಟು ಹತ್ತಿರ ಎಂಬುದರ ಮೇಲೆ ಅದರ ತೂಕ. ‘ಮೊಟಕು’ ದಿನಬಳಕೆಯ ಪದ, ಸಾಮಾನ್ಯ ನಿಘಂಟು ಸಾಕು. ‘ದೇಶೀಯ’ಕ್ಕೆ ನ್ಯಾಯಾಲಯ ಮತ್ತು ಕಾನೂನು ಬೇಕು, ಏಕೆಂದರೆ ಅಲ್ಲಿ ಗೆರೆ ಎಳೆದವರು ಅವರೇ. ‘ಕಣ್ಗಾವಲಿ’ಗೆ ಹೊರಗಿನವರ, ಅಂದರೆ ಸರ್ಕಾರದ ಸಂಬಳ ಪಡೆಯದವರ ಅರ್ಥವೇ ಮೇಲು. ನಿಘಂಟಿನಲ್ಲಿ ಎರಡನೆಯ, ಮೂರನೆಯ ಅರ್ಥವನ್ನು ಎತ್ತಿ ಮೊದಲನೆಯದನ್ನು ಮುಚ್ಚಿಡುವ ಕಳ್ಳತನವೂ ನಡೆಯುತ್ತದೆ. ಪಾಟೀಸವಾಲಿನಲ್ಲಿ ಮೊದಲನೆಯದನ್ನು ಓದಿ ಎಂದು ಕೇಳಿ, ಸಾಕು.

ನ್ಯಾಯಾಲಯದ ಅರ್ಥ ಯಾವಾಗ ಭಾರಿಯಾಗುತ್ತದೆ ಎಂಬುದಕ್ಕೆ ಅದೇ ಕಾಲದ ಉದಾಹರಣೆ ಇದೆ. 215ನೇ ಸೆಕ್ಷನ್ ತನಿಖೆಗೆ ‘ಸಂಬಂಧಪಟ್ಟ’ ದಾಖಲೆಗಳನ್ನು ಪಡೆಯಲು ಅವಕಾಶ ಕೊಟ್ಟಿತ್ತು. ಎಂದಾದರೂ ಸಂಬಂಧಪಡಬಹುದು, ಆದ್ದರಿಂದ ಎಲ್ಲರ ಎಲ್ಲ ಕರೆಗಳೂ ಸಂಬಂಧಪಟ್ಟವೇ ಎಂದು ಸರ್ಕಾರ ವಾದಿಸಿತು. 2015ರ ಮೇ 7ರಂದು ನ್ಯೂಯಾರ್ಕಿನ ಎರಡನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ಅರ್ಥವನ್ನು ತಿರಸ್ಕರಿಸಿ, ಸಗಟು ಸಂಗ್ರಹಕ್ಕೆ ಈ ಸೆಕ್ಷನ್ ಅಧಿಕಾರ ಕೊಡುವುದಿಲ್ಲ ಎಂದಿತು. ಜೂನ್ 2ರಂದು, ಈ ಸಗಟು ಸಂಗ್ರಹಕ್ಕೆ ತೆರೆ ಎಳೆಯುವ ಫ್ರೀಡಂ ಕಾಯ್ದೆಗೆ ಒಬಾಮ ಸಹಿ ಹಾಕಿದರು, ನವೆಂಬರ್ ಕೊನೆಗೆ ಸಗಟು ಸಂಗ್ರಹ ನಿಂತಿತು. 215 ರದ್ದತಿಯ ಯೋಜನೆ ಬರೆದಿಟ್ಟುಕೊಂಡಿದ್ದ ತಂಡಗಳ ಗತಿ, ಹೊರಟ ಬಸ್ಸಿಗೆ ಟಿಕೆಟ್ ಕೊಂಡವರಂತಾಯಿತು. ಪದಗಳ ಅರ್ಥಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಮಕ್ಕಳಾಟ ಎಂದು ಯಾರಾದರೂ ಅಂದರೆ ಈ ಒಂದು ಪದದ ಕಥೆಯನ್ನು ಹೇಳಿ.

ಮೇಲಾದ ಅರ್ಥವೋ, ಸಾಕಾಗುವ ಅರ್ಥವೋ

ಕೊನೆಯ ಆಯ್ಕೆ ಪದದ್ದಲ್ಲ, ತೀರ್ಪಿನ ಬಗೆಯದ್ದು. ಎರಡು ಅರ್ಥಗಳಲ್ಲಿ ಯಾವುದು ಒಳ್ಳೆಯ ಚರ್ಚೆ ಹುಟ್ಟಿಸುತ್ತದೋ ಅದಕ್ಕೆ ಮತ ಕೊಡಿ ಎಂದು ವಿರೋಧ ತಂಡ ಕೇಳುತ್ತದೆ; ಕೂದಲೆಳೆಯಷ್ಟು ಮೇಲಾದರೂ ಮೇಲೇ. ನಮ್ಮ ಅರ್ಥ ನ್ಯಾಯವಾಗಿದ್ದರೆ ಸಾಕು, ಅತ್ಯುತ್ತಮವೇ ಆಗಬೇಕಿಲ್ಲ ಎಂದು ಪರ ತಂಡ ಬೇಡುತ್ತದೆ. ಹಳೆಯ ಡಿಬೇಟ್ ಆಟಗಾರರು, ಕಾಲೇಜು ಹುಡುಗರು ತೀರ್ಪುಗಾರರಾದರೆ ಮೊದಲನೆಯದಕ್ಕೆ ಒಲಿಯುತ್ತಾರೆ. ಹೆತ್ತವರು ಬಹುಮಟ್ಟಿಗೆ ಎರಡನೆಯವರು. ಹದಿನಾರರ ಹುಡುಗಿಯನ್ನು ಒಂದು ಉಪಸರ್ಗಕ್ಕಾಗಿ ಸೋಲಿಸಲು ನಮ್ಮ ಕೈ ಏಳುವುದಿಲ್ಲ.

ಆದರೆ ಪರ ತಂಡ ‘ಸಾಕಾಗುವ ಅರ್ಥ’ವೊಂದನ್ನೇ ನಂಬಿ ಕೂರಬಾರದು. ಉತ್ತರಕ್ಕೆ ಎರಡು ದಾರಿ: ನಿಮ್ಮ ಅರ್ಥದಲ್ಲೂ ನಾವು ಒಳಗಿದ್ದೇವೆ ಎನ್ನುವುದು, ಇಲ್ಲವೇ ಬೇರೆ ಅರ್ಥ ಕೊಟ್ಟು ಅದರೊಳಗೆ ನಿಲ್ಲುವುದು. ಮೊದಲನೆಯದು ಅಗ್ಗ, ಆದರೆ ಅದು ಬಿದ್ದರೆ ಕೈಯಲ್ಲಿ ಏನೂ ಉಳಿಯದು. ಎರಡನ್ನೂ ಹೇಳಿ, ಎರಡನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಲೆಕ್ಕ ನೆನಪಿರಲಿ: ವಿರೋಧ ತಂಡ ನಡುವೆ ಬೆನ್ನುಬೆನ್ನಿಗೆ ಎಂಟು ಮತ್ತು ಐದು, ಒಟ್ಟು ಹದಿಮೂರು ನಿಮಿಷ ಮಾತಾಡುತ್ತದೆ, ಅದಕ್ಕೆಲ್ಲ ಉತ್ತರಿಸಲು ಪರ ತಂಡದ ಮೊದಲ ಪ್ರತಿವಾದಿಗೆ ಸಿಗುವುದು ಐದೇ ನಿಮಿಷ. ಅಷ್ಟರಲ್ಲಿ ಹೊಸ ಅರ್ಥ ಹುಡುಕುತ್ತ ಕೂರಲಾಗದು. ಎರಡನೆಯ ಮಂಡನೆಯಲ್ಲೇ ಅದನ್ನು ನೆಟ್ಟಿರಬೇಕು. ವಿರೋಧ ತಂಡವೂ ಅಷ್ಟೇ. ಎದುರಾಳಿಯ ಹೊತ್ತು ತಿನ್ನಲೆಂದು ಟಾಪಿಕ್ಯಾಲಿಟಿ ಓದಿ ಕೈಬಿಡುವುದು ವಾಡಿಕೆ. ಅದನ್ನೇ ನಂಬಿ ಗೆಲ್ಲಬೇಕೆಂದರೆ ಕೊನೆಯ ಐದು ನಿಮಿಷ ಪೂರ್ತಿ ಅದಕ್ಕೇ ಮೀಸಲಿಡಿ, ನಿಮ್ಮ ಅರ್ಥದ ಬೇಲಿಯೊಳಗೆ ನಿಲ್ಲುವ ಮೂರು ಯೋಜನೆಗಳ ಹೆಸರು ಹೇಳಿ, ಎದುರಾಳಿಯ ಬೇಲಿಯೊಳಗೆ ನುಗ್ಗುವ ಮೂರು ಹಾಸ್ಯಾಸ್ಪದ ಯೋಜನೆಗಳ ಹೆಸರೂ ಹೇಳಿ. ಹಿಂದಿನ ಬೆಂಚಿನಲ್ಲಿ ಕುಳಿತವನು ಬೇರೆಲ್ಲವನ್ನೂ ಮರೆತರೂ ಆ ಆರು ಹೆಸರುಗಳನ್ನು ಬರೆದುಕೊಂಡಿರುತ್ತಾನೆ. ಆ ಶನಿವಾರ ನನ್ನ ಹಾಳೆಯಲ್ಲಿ ಒಂದೂ ಇರಲಿಲ್ಲ. ಸೋತ ಹುಡುಗಿ ನಾಲ್ಕು ಹೇಳಿದ್ದಳು ಎಂದು ಆಮೇಲೆ ಮನೆಗೆ ಬರುವ ಕಾರಿನಲ್ಲಿ ಮಗಳು ಹೇಳಿದಳು.